ರಸ್ತೆ ದಾಟುವ ವಿಸ್ಕಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಉತ್ತರಕ್ಕೆ ಹಬ್ಬಿರುವ ಕ್ಯಾಂಪ್ಸಿ ಗುಡ್ಡಸಾಲು ಪಶ್ಚಿಮದಲ್ಲಿ ಮುಗಿಯುವುದು ಡಮ್‌ಗಾಯ್ನ್ ಎಂಬ ಗುಡ್ಡದಲ್ಲಿ. ಎತ್ತರ 427 ಮೀಟರ್ ಅಷ್ಟೇ. ಪುರಾತನ ಜ್ವಾಲಾಮುಖಿಯ ಗಂಟಲಲ್ಲಿ ಹೆಪ್ಪುಗಟ್ಟಿದ ಶಿಲೆಯಿದು. ಸುತ್ತಲಿನದು ಸವೆದುಹೋಗಿ ಗಟ್ಟಿ ಬಿರಡೆಯಂತೆ ಉಳಿದಿದೆ. ಅಂಕಿ ನೋಡಿ ಹಗುರವಾಗಿ ಎಣಿಸಿದವರ ಉಸಿರು ಅರ್ಧದಲ್ಲೇ ಕಟ್ಟುತ್ತದೆ. ಕಾಲುದಾರಿ ಹುಲ್ಲಿನ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಏರುತ್ತದೆ. ಮಳೆ ಬಿದ್ದರಂತೂ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ತುದಿಯಿಂದ ಒಂದು ಕಡೆ ಲೋಮಂಡ್ ಸರೋವರ, ಅದರ ಪಕ್ಕ 974 ಮೀಟರ್ ಎತ್ತರದ ಬೆನ್ ಲೋಮಂಡ್. ಇನ್ನೊಂದು ಕಡೆ ಗ್ಲಾಸ್ಗೋ. ಬುಡದಲ್ಲಿ ಕಾಣುವ ಬಿಳಿ ಗೋಡೆಯ ಕಟ್ಟಡಗಳೇ ಗ್ಲೆನ್‌ಗಾಯ್ನ್ ಭಟ್ಟಿ.

ಇಳಿದು ಬರುವ ತೊರೆ, ಮರೆಯಾಗಲು ಕಣಿವೆ, ಹತ್ತಿರದಲ್ಲೇ ಕೊಳ್ಳುವ ಪಟ್ಟಣ: ಕಳ್ಳಭಟ್ಟಿಗೆ ಬೇಕಾದದ್ದೆಲ್ಲ ಈ ಸೀಮೆಯಲ್ಲಿತ್ತು. 1823ರ ಅಬಕಾರಿ ಕಾಯಿದೆ ತೆರಿಗೆ ಇಳಿಸಿದ ಮೇಲೆ ಲೈಸೆನ್ಸ್ ಪಡೆದು ಕಾಯಿಸುವುದೇ ಲಾಭವೆನಿಸಿತು. ಇಲ್ಲಿ ಸಕ್ರಮ ಭಟ್ಟಿ ಶುರುವಾದದ್ದು 1833ರಲ್ಲಿ. ಮುಂದೆ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಸೇನಾನಿಯಾಗಿ ಹೆಸರಾದ ಆರ್ಥರ್ ಟೆಡ್ಡರ್ 1890ರಲ್ಲಿ ಹುಟ್ಟಿದ್ದು ಈ ಭಟ್ಟಿಯ ಆವರಣದಲ್ಲೇ. ತಂದೆ ಅಬಕಾರಿ ಅಧಿಕಾರಿ.

ಮೊಳಕೆ ಕಟ್ಟಿಸಿದ ಬಾರ್ಲಿಯನ್ನು ಒಣಗಿಸಲು ಸ್ಕಾಟ್ಲೆಂಡಿನ ಕೆಲವು ಭಟ್ಟಿಗಳು ಪೀಟ್ ಎಂಬ ಜೌಗುಮಣ್ಣನ್ನು ಉರಿಸುತ್ತವೆ; ಅವುಗಳ ವಿಸ್ಕಿಯಲ್ಲಿ ಹೊಗೆಯ ವಾಸನೆ. ಗ್ಲೆನ್‌ಗಾಯ್ನ್‌ನಲ್ಲಿ ಬರೀ ಬಿಸಿಗಾಳಿ. ಕಾಳನ್ನು ಒಡೆದು ಬಿಸಿನೀರಲ್ಲಿ ನೆನೆಸಿ, ಸಿಹಿರಸ ಬಸಿದು, ಯೀಸ್ಟ್ ಹಾಕಿ ಹುದುಗಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಮೊದಲ ಸುತ್ತಿಗೆ ಒಂದು ಹಂಡೆ, ಎರಡನೆಯದಕ್ಕೆ ಎರಡು. ಉರಿ ಹದವಾಗಿದ್ದರೆ ಆವಿ ತಾಮ್ರಕ್ಕೆ ಹೆಚ್ಚು ಹೊತ್ತು ತಾಗಿ ಗಂಧಕದ ನಾತ ಕಳೆಯುತ್ತದೆ. ನಿಧಾನವೇ ಇಲ್ಲಿಯ ಹೆಗ್ಗಳಿಕೆ. ಮೊದಲು ಮತ್ತು ಕೊನೆಗೆ ಇಳಿದದ್ದನ್ನು ಬೇರ್ಪಡಿಸಿ, ನಡುವಿನದನ್ನಷ್ಟೇ ಓಕ್ ಪೀಪಾಯಿಗೆ ತುಂಬುತ್ತಾರೆ.

ಹೈಲ್ಯಾಂಡ್ ಮತ್ತು ಲೋಲ್ಯಾಂಡ್ ಪ್ರದೇಶಗಳ ಗಡಿ ಭಟ್ಟಿಯ ಮುಂದಿನ ರಸ್ತೆಯೇ. 1784ರಲ್ಲಿ ತೆರಿಗೆಗಾಗಿ ಎಳೆದ ಗೆರೆಯಿಂದ ಬಂದ ಭೇದವಿದು. ಹಂಡೆಗಳು ಉತ್ತರಕ್ಕೆ, ಉಗ್ರಾಣಗಳು ದಕ್ಷಿಣಕ್ಕೆ. ಹುಟ್ಟು ಹೈಲ್ಯಾಂಡ್‌ನಲ್ಲಿ, ಮಾಗುವುದು ಲೋಲ್ಯಾಂಡ್‌ನಲ್ಲಿ. ಆದರೂ ಶೀಶೆಯ ಚೀಟಿಯ ಮೇಲೆ ಬರುವುದು ಹುಟ್ಟೂರಿನ ಹೆಸರೇ.

ಸ್ಕಾಚ್ ಎನಿಸಿಕೊಳ್ಳಲು ಕನಿಷ್ಠ 3 ವರ್ಷ ಪೀಪಾಯಿಯಲ್ಲಿರಬೇಕು. ಆ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. ಅದಕ್ಕೆ ‘ದೇವದೂತರ ಪಾಲು’ ಎಂದು ಹೆಸರು. ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಇದೇ ನಷ್ಟ ಶೇ 10 ದಾಟುತ್ತದೆ, ಮಾಗುವುದೂ ಬೇಗ. ಆ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಗುಡ್ಡದ ತುದಿಯಿಂದ ಕಾಣುವ ಗ್ಲಾಸ್ಗೋದಲ್ಲೇ.

ಗುಡ್ಡ ಮೊದಲು, ಭಟ್ಟಿ ಆಮೇಲೆ. ಈ ಕ್ರಮ ತಪ್ಪಿಸದಿರುವುದು ಕಾಲಿಗೆ ಕ್ಷೇಮ. 2014ರಿಂದ ಸ್ಕಾಟ್ಲೆಂಡಿನಲ್ಲಿ ವಾಹನ ಚಾಲಕರಿಗೆ ಮದ್ಯದ ಮಿತಿ ಇನ್ನೂ ಬಿಗಿಯಾಗಿದೆ. ಅಲ್ಲಿಯ ಹಲವು ಭಟ್ಟಿಗಳು ಚಾಲಕರ ಪಾಲಿನ ಗುಟುಕನ್ನು ಪುಟ್ಟ ಶೀಶೆಯಲ್ಲಿ ಮನೆಗೆ ಕಟ್ಟಿಕೊಡುತ್ತವೆ.