ಮೇಜಿನ ಆಚೆ ಕುರ್ಚಿಗೆ ಕಾರ್ಮಿಕನ ಮಗಳು

ಮೈಸೂರು: ಹೆಬ್ಬಾಳು ಕೈಗಾರಿಕಾ ಪ್ರದೇಶದ ಟೀ ಅಂಗಡಿಯಲ್ಲಿ ಮೊನ್ನೆ ಬೆಳಿಗ್ಗೆ ಅಪ್ಪ-ಮಗಳ ವಾಗ್ವಾದ. ಮಗಳು ಬಿ.ಕಾಂ. ಮುಗಿಸಿದ್ದಾಳೆ. ಎಂ.ಬಿ.ಎ. ಓದಿ ಮಾನವ ಸಂಪನ್ಮೂಲ ವಿಭಾಗ ಸೇರಬೇಕೆಂಬ ಹಟ. ಅಪ್ಪ 28 ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದವರು, ಯೂನಿಯನ್ನಿನ ಹಳೇ ಹುಲಿ.

“ಗೇಟಿನ ಹೊರಗೆ ಕೂತು ನಾವು ಧಿಕ್ಕಾರ ಕೂಗಿದ್ದು ಆ ಆಫೀಸಿನವರಿಗೇ ಕಣವ್ವ. ಈಗ ನೀನೇ ಹೋಗಿ ಆ ಕುರ್ಚೀಲಿ ಕೂತ್ಕತೀಯಾ?”

“ನಾನು ಬಿಟ್ರೆ ಇನ್ಯಾರೋ ಕೂತ್ಕತಾರಲ್ಲಪ್ಪ!”

ಸುತ್ತ ಇದ್ದವರು ನಕ್ಕರು. ಆದರೆ ನಗುವ ವಿಷಯವಲ್ಲ. ಪದವಿ ಮುಗಿದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆದಿದೆ. ಸಾಲ ಮಾಡಿ ಓದಿಸಿದರೆ ಸಿಗುವುದೇನು?

ಕುರ್ಚಿ ಹುಟ್ಟಿದ ಬಗೆ

ಈ ಹುದ್ದೆ ಮಾಲೀಕರ ಕೃಪೆಯಿಂದ ಬಂದದ್ದಲ್ಲ. ಹಿಂದೆ ಗಿರಣಿಗಳಲ್ಲಿ ಕೆಲಸ ಕೊಡಿಸುವವನು ಜಾಬರ್. ಅವನ ಕೈ ಬಿಸಿ ಮಾಡದೆ ಒಳಗೆ ಕಾಲಿಡುವಂತಿರಲಿಲ್ಲ. 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಇದನ್ನು ತಪ್ಪಿಸಲು ಲೇಬರ್ ಆಫೀಸರುಗಳನ್ನು ನೇಮಿಸಿ ಎಂದಿತು. 1948ರ ಕಾರ್ಖಾನೆ ಕಾಯಿದೆಯ 49ನೇ ಕಲಮು, 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ಈ ಸಂಖ್ಯೆ 250ಕ್ಕೆ ಇಳಿಯಿತು.

ಓದಿನ ವ್ಯವಸ್ಥೆಯೂ ಹೀಗೇ ಬೆಳೆಯಿತು. ಮುಂಬಯಿಯ ಟಾಟಾ ಸಂಸ್ಥೆ 1936ರಲ್ಲಿ, ಜಮ್‌ಶೆಡ್‌ಪುರದ ಎಕ್ಸ್.ಎಲ್.ಆರ್.ಐ. 1949ರಲ್ಲಿ ಶುರುವಾದವು. ಆಗ ‘ಕಾರ್ಮಿಕ ಕಲ್ಯಾಣ’, ‘ಸಿಬ್ಬಂದಿ ಆಡಳಿತ’ ಎನ್ನುತ್ತಿದ್ದರು. ಹೆಸರು ‘ಮಾನವ ಸಂಪನ್ಮೂಲ’ ಎಂದಾದದ್ದು ಆಮೇಲೆ.

ಸೇರುವ ಮುನ್ನ

ಎಂ.ಬಿ.ಎ. ಎರಡು ವರ್ಷದ ಓದು. ಮೊದಲ ವರ್ಷ ಲೆಕ್ಕಪತ್ರ, ಮಾರುಕಟ್ಟೆ, ಅಂಕಿಅಂಶ ಎಲ್ಲರಿಗೂ ಉಂಟು. ನೇಮಕಾತಿ, ವೇತನ, ತರಬೇತಿ, ಕಾರ್ಮಿಕ ಕಾನೂನು ಹೆಚ್ಚಾಗಿ ಬರುವುದು ಎರಡನೇ ವರ್ಷ. ಸರಕಾರಿ ಸೀಟು ಬೇಕಾದವರು ಪಿ.ಜಿ.ಸಿ.ಇ.ಟಿ. ಬರೆಯಬೇಕು. ಎಂ.ಎಸ್.ಡಬ್ಲ್ಯೂ. ಮಾಡಿಯೂ ಇದೇ ಕೆಲಸಕ್ಕೆ ಹೋಗುವವರಿದ್ದಾರೆ.

ಒಂದು ಎಚ್ಚರಿಕೆ. ಕಲ್ಯಾಣಾಧಿಕಾರಿಯ ವಿದ್ಯಾರ್ಹತೆ ನಿಗದಿ ಮಾಡುವುದು ಸರಕಾರದ ನಿಯಮ. ಎಂ.ಬಿ.ಎ. ಎಂದ ಮಾತ್ರಕ್ಕೆ ಆ ಹುದ್ದೆ ಸಿಕ್ಕೀತೆಂದು ನಂಬಿ ಫೀಸು ಕಟ್ಟಬೇಡಿ. ನೀವು ಸೇರುವ ಕೋರ್ಸಿಗೆ ಆ ಮಾನ್ಯತೆ ಇದೆಯೇ ಎಂದು ಮೊದಲೇ ಕೇಳಿ. ಪದವಿ ಹಿಡಿದು ಹೋದವರು ಗುತ್ತಿಗೆದಾರನ ಕೈಕೆಳಗೆ ಹಾಜರಿ ಬರೆಯುತ್ತ ಕೂತದ್ದೂ ಉಂಟು.

ಇಬ್ಬರು ಆಫೀಸರುಗಳು

ಟೀ ಎರಡನೇ ಸುತ್ತಿಗೆ ಬಂದಾಗ ಹಿರಿಯರು ತಮ್ಮ ಎಡಗೈ ತೋರಿಸಿದರು. ತೋರುಬೆರಳು ಅರ್ಧ ಇಲ್ಲ.

“ಇದು ಹೋದ ದಿನ ಒಬ್ಬ ಆಫೀಸರು, ನಿನ್ನದೇ ಅಜಾಗರೂಕತೆ ಅಂತ ಬರ್ಕೊಡು ಅಂದ. ಇನ್ನೊಬ್ಬರು ಇ.ಎಸ್.ಐ. ಆಸ್ಪತ್ರೆಗೇ ಬಂದ್ರು. ಫಾರಂ ತುಂಬಿ, ದುಡ್ಡು ಕೈಗೆ ಬರೋವರ್ಗೂ ಬಿಡ್ಲಿಲ್ಲ. ಇಬ್ರೂ ಓದಿದೋರೇ ಸ್ವಾಮಿ.”

ಗ್ರಾಚ್ಯುಟಿ ಲೆಕ್ಕವನ್ನೇ ನೋಡಿ. ಒಂದು ವರ್ಷದ ಸೇವೆಗೆ 15 ದಿನದ ಸಂಬಳ. ತಿಂಗಳ ಸಂಬಳವನ್ನು 26ರಿಂದ ಭಾಗಿಸಬೇಕು, 30ರಿಂದಲ್ಲ. 28 ವರ್ಷ ದುಡಿದವನಿಗೆ ಈ ವ್ಯತ್ಯಾಸವೇ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದನ್ನು ಅವನಿಗೆ ತಿಳಿಸಿ ಹೇಳುವುದೋ, ಬಾಯಿ ಮುಚ್ಚಿಕೊಂಡಿರುವುದೋ? ಇದಕ್ಕೆ ಯಾವ ಕಾಲೇಜೂ ಅಂಕ ಕೊಡುವುದಿಲ್ಲ.

ಕಡೆಗೆ ಅಪ್ಪ ಒಪ್ಪಿದರು. ಷರತ್ತು ಒಂದೇ.

“ಓದು, ಬೇಡ ಅನ್ನಲ್ಲ. ಆದ್ರೆ ಯಾರಾದ್ರೂ ಬೆರಳು ಕಳ್ಕೊಂಡ ದಿನ ನೀನು ಆಸ್ಪತ್ರೇಲಿರ್ಬೇಕು, ಆಫೀಸಲ್ಲಲ್ಲ.”

ಮಗಳು ತಲೆಯಾಡಿಸಿದಳು. ಟೀ ದುಡ್ಡು ಕೊಟ್ಟವಳೂ ಅವಳೇ.