ಮಾತ್ರೆ ಮುಗಿದ ಮೇಲೆ ಯಾರು ಕೇಳುತ್ತಾರೆ?

ಕಲಬುರಗಿ ಭಾಗದಲ್ಲಿ ಮನೋವೈದ್ಯರು ಸಾಲದು ಎಂಬುದು ಹಳೆಯ ದೂರು. ಅದರಲ್ಲಿ ಹುರುಳಿದೆ. ಆದರೆ ವೈದ್ಯರು ಸಿಕ್ಕ ಮೇಲೂ ಚಿಕಿತ್ಸೆ ಕೈತಪ್ಪುತ್ತದೆ, ಅದರ ಬಗ್ಗೆ ಮಾತು ಕಡಿಮೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ. ಕಮಲಾಪುರದಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿ.ಮೀ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸು ಉಚಿತ, ಕಾಯಿಲೆಯ ಮಗನಿಗೆ ಟಿಕೆಟ್ ತೆಗೆಯಲೇಬೇಕು. ಟಿಕೆಟ್ಟಿಗಿಂತ ಭಾರವಾದದ್ದು ಒಂದು ದಿನದ ಕೂಲಿ. ತೊಗರಿ ರಾಶಿಯ ದಿನಗಳಲ್ಲಿ ಅದನ್ನು ಬಿಟ್ಟು ಹೋಗುವವರು ಯಾರು? ಮಗ ತುಸು ಚೇತರಿಸಿಕೊಂಡನೋ, ‘ಈಗ ಆರಾಮ ಆಗ್ಯಾನ’ ಎಂದು ಮಾತ್ರೆಯೂ ನಿಲ್ಲುತ್ತದೆ. ಚೀಟಿಯಲ್ಲಿ ಬರೆದುಕೊಟ್ಟ ತಾರೀಖು ದಾಟಿ ಹೋದಾಗ ಮನೆ ಬಾಗಿಲಿಗೆ ಬಂದು ‘ಯಾಕೆ ಹೋಗಲಿಲ್ಲ’ ಎಂದು ಕೇಳುವ ಹೊಣೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯದು, ನಗರದಲ್ಲಿ ಮಹಾನಗರ ಪಾಲಿಕೆಯದು ಆಗಬೇಕು ಎಂಬುದು ನನ್ನ ವಾದ.

ಊರ ಹತ್ತಿರವೇ ಮನೋರೋಗಕ್ಕೆ ಆರೈಕೆ ಎಂಬ ಯೋಚನೆ ನಮಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಕಲ್ಯಾಣ ಕರ್ನಾಟಕದ ನೆಲದಿಂದ ದೇಶಕ್ಕೆ ಹೋದದ್ದು ಕಲ್ಯಾಣ ಕರ್ನಾಟಕದ ಹಳ್ಳಿಗೇ ಪೂರ್ತಿ ತಲುಪಿಲ್ಲ! ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ನಡೆಸಿದ ಕೆಲಸ ಇನ್ನೂ ಸ್ಪಷ್ಟವಾದ ಪಾಠ ಹೇಳುತ್ತದೆ. ಚಿಕಿತ್ಸೆ ತಪ್ಪದೆ ಮುಂದುವರಿಸಿದ ಸ್ಕಿಜೋಫ್ರೇನಿಯಾ ರೋಗಿಗಳ ಅಂಗವಿಕಲತೆ ಕಡಿಮೆಯಾಯಿತು, ಚಿಕಿತ್ಸೆಯಿಲ್ಲದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ದುಡಿಯುವ, ನಾಲ್ಕು ಜನರೊಡನೆ ಬೆರೆಯುವ ಶಕ್ತಿ ಮರಳುವುದು ಮಾತ್ರೆಯ ಸಾತತ್ಯದಿಂದ ಎಂದಾಯಿತು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆತರುವ ‘ಮನೋಚೈತನ್ಯ’ ಯೋಜನೆ 2014ರಲ್ಲಿ ಬಂತು, ಒಳ್ಳೆಯದೇ. ಆದರೆ ವೈದ್ಯರು ಮಂಗಳವಾರ ಬಂದರೆ ಉಳಿದ ದಿನಗಳ ಕಾವಲು ಯಾರದು?

ಆ ಕೆಲಸಕ್ಕೆ ಬೇಕಾದ ಆಳು ಪಂಚಾಯಿತಿಯಲ್ಲೇ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಪಂಚಾಯಿತಿಗೊಬ್ಬರಂತೆ ಗೌರವಧನದ ಮೇಲೆ ದುಡಿಯುತ್ತಾರೆ, ಸಾಮಾನ್ಯವಾಗಿ ಅವರೂ ಅಂಗವಿಕಲರೇ. ಊರಿನ ಪ್ರತಿ ಮನೆ ಅವರಿಗೆ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ, ಬೌದ್ಧಿಕ ಅಂಗವಿಕಲತೆಯೂ ಇದೆ. ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದ ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವೂ ಇದೆ. ಆದರೆ ಆ ಹಣವೆಂದರೆ ತ್ರಿಚಕ್ರ ವಾಹನ, ಹೊಲಿಗೆ ಯಂತ್ರ, ಒಂದು ಫೋಟೊ ಎಂಬ ರೂಢಿ ಬಿದ್ದಿದೆ. ಕಣ್ಣಿಗೆ ಕಾಣದ ಅಂಗವಿಕಲತೆಯ ಫೋಟೊ ತೆಗೆಯುವುದಾದರೂ ಹೇಗೆ? ಅದೇ ಹಣದಲ್ಲಿ ಆಸ್ಪತ್ರೆಗೆ ಹೋಗಿಬರುವ ಖರ್ಚು ಕೊಡಬಹುದು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಓಡಾಡಲು ನೆರವಾಗಬಹುದು.

ಪಂಚಾಯಿತಿಗೆ ಇದರ ಪರಿಣತಿ ಎಲ್ಲಿದೆ ಎನ್ನುವವರಿದ್ದಾರೆ. ಕೇಳುತ್ತಿರುವುದು ರೋಗನಿರ್ಣಯವನ್ನಲ್ಲ, ತಾರೀಖು ತಪ್ಪಿಸಿದವರ ಮನೆಗೊಂದು ಭೇಟಿಯನ್ನು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಪಂಚಾಯಿತಿಗೆ ತಿಳಿದರೆ ಊರಿಗೇ ತಿಳಿದಂತೆ, ಮಗಳ ಸಂಬಂಧವೂ ಮುರಿದೀತು. ಈ ಭಯವನ್ನು ಹಗುರ ಮಾಡಲಾಗದು. ಗಾಣಗಾಪುರದ ದತ್ತನ ಸನ್ನಿಧಿಗೆ ‘ಗಾಳಿ ಸೋಂಕು’ ಎಂದು ಕರೆದೊಯ್ಯುವವರಲ್ಲಿ ಭಕ್ತಿಯ ಜೊತೆಗೆ ಈ ನಾಚಿಕೆಯೂ ಬೆರೆತಿರಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ಸಮುದಾಯದ ನಡುವೆಯೇ ಬಾಳುವ ಹಕ್ಕನ್ನೂ ಕೊಟ್ಟಿದೆ. ಹಾಗಾಗಿ ರೋಗಿಯ ಒಪ್ಪಿಗೆಯಿಲ್ಲದೆ ಹೆಸರು ಪಟ್ಟಿಗೆ ಸೇರಬಾರದು, ಗ್ರಾಮಸಭೆಯಲ್ಲಿ ಸಂಖ್ಯೆ ಓದಬೇಕೇ ಹೊರತು ಹೆಸರನ್ನಲ್ಲ. ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಕುಟುಂಬಗಳ ವಿಷಯದಲ್ಲಿ ಮನೆಭೇಟಿ ಸಾಗದು. ಅವರಿಗೆ ಕಾರ್ಯಕರ್ತರ ಒಂದು ಫೋನು, ಕೈಯಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416, ಹೊರಡುವ ಮೊದಲು ಹೆಚ್ಚಿನ ದಿನಗಳಿಗಾಗುವಷ್ಟು ಮಾತ್ರೆ, ಇಷ್ಟನ್ನಾದರೂ ಒದಗಿಸಬಹುದು.