ಪಾದರಸವೂ ಹಾಕಿ ಆಟಗಾರನೂ

ಮೈದಾನದಲ್ಲಿ ಮಿಂಚಿನಂತೆ ಸುಳಿಯುವ ಆಟಗಾರನನ್ನು ‘ಪಾದರಸದಂಥವನು’ ಎಂದು ಹೊಗಳುವುದು ಕನ್ನಡದ ರೂಢಿ. ಆಟಗಾರನನ್ನು ರಸಾಯನಶಾಸ್ತ್ರದ ಒಂದು ಮೂಲವಸ್ತುವಿಗೆ ಹೋಲಿಸುವ ಈ ಮಾತು ಎಷ್ಟರಮಟ್ಟಿಗೆ ಒಪ್ಪುತ್ತದೆ?

ಹಾಸನ ಜಿಲ್ಲೆಯ ಕುಂದೂರು, ಸಕಲೇಶಪುರಗಳ ಕಾಫಿಯ ಬೆಟ್ಟಗಳಿಂದ ದಕ್ಷಿಣಕ್ಕೆ ಸಾಗಿದರೆ ಕೊಡಗಿನ ಸೋಮವಾರಪೇಟೆ ಸಿಗುತ್ತದೆ. ಹಾಕಿ ಆಟಗಾರ ಎಸ್. ವಿ. ಸುನಿಲ್ ಅಲ್ಲಿಯವರು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಅವರು 2021ರಲ್ಲಿ ನಿವೃತ್ತರಾದರು. ಮುಂಪಡೆಯಲ್ಲಿ ಆಡುತ್ತಿದ್ದ ಅವರ ಹೆಗ್ಗುರುತು ವೇಗ. ಪಾದರಸದ ಹೋಲಿಕೆ ಅವರಿಗೆ ಸಹಜವಾಗಿಯೇ ಸಲ್ಲುವಂತೆ ತೋರುತ್ತದೆ.

ಪಾದರಸವು ಲೋಹವಾಗಿದ್ದೂ ಸಾಮಾನ್ಯ ಉಷ್ಣತೆಯಲ್ಲಿ ದ್ರವರೂಪದಲ್ಲಿರುತ್ತದೆ. ಅದರ ಕಣಗಳಿಗೆ ಗಾಜಿನ ಮೇಲಿರುವ ಸೆಳೆತಕ್ಕಿಂತ ತಮ್ಮತಮ್ಮೊಳಗಿನ ಸೆಳೆತವೇ ಹೆಚ್ಚು. ಆದುದರಿಂದ ಗಾಜಿನ ಮೇಲೆ ಬಿದ್ದ ಪಾದರಸ ನೀರಿನಂತೆ ಹರಡಿ ಅಂಟಿಕೊಳ್ಳುವುದಿಲ್ಲ. ಮಣಿಮಣಿಯಾಗಿ ಉರುಳುತ್ತದೆ, ಅಡ್ಡ ಬಂದುದನ್ನು ಬಳಸಿಕೊಂಡು ಜಾರುತ್ತದೆ. (ಅದರ ಆವಿ ವಿಷವಾದ್ದರಿಂದ ಇದನ್ನು ಕೈಯಾರೆ ಮಾಡಿ ನೋಡಬಾರದು.) ಎದುರಾಳಿಗಳ ನಡುವೆ ಎಲ್ಲಿಯೂ ಸಿಲುಕದೆ ನುಸುಳುವ ಆಟಗಾರನಲ್ಲಿ ಈ ಗುಣ ಕಾಣುವುದು ನಿಜ.

ಆದರೆ ಪಾದರಸ ಹಗುರವಲ್ಲ. ಒಂದು ಲೀಟರ್ ಪಾದರಸ ಸುಮಾರು 13.5 ಕಿಲೋಗ್ರಾಂ ತೂಗುತ್ತದೆ. ಕಬ್ಬಿಣದ ತುಂಡು ಅದರ ಮೇಲೆ ತೇಲುತ್ತದೆ! ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಪಾದರಸ ಇಳಿಜಾರು ಎಳೆದತ್ತ ಹೋಗುತ್ತದೆ, ನಿಲ್ಲಬೇಕೆಂದಾಗ ನಿಲ್ಲಲಾರದು. ಮುಂಪಡೆಯ ಆಟಗಾರನ ಜಾಣ್ಮೆ ಇರುವುದೇ ನಿಲ್ಲುವುದರಲ್ಲಿ. ಓಡುತ್ತ ಓಡುತ್ತ ಆತ ಥಟ್ಟನೆ ತಡೆದರೆ, ಬೆನ್ನಟ್ಟಿ ಬಂದ ರಕ್ಷಕ ತನ್ನ ವೇಗದಿಂದಲೇ ಮುಂದಕ್ಕೆ ಹೋಗಿಬಿಡುತ್ತಾನೆ. ಹಾಕಿಯಲ್ಲಿ ಕೋಲಿನ ಉಬ್ಬಿದ ಬದಿಯಿಂದ ಚೆಂಡನ್ನು ಆಡುವಂತಿಲ್ಲ. ಎಡಕ್ಕೆ ಸರಿದ ಚೆಂಡನ್ನು ಮತ್ತೆ ಬಲಕ್ಕೆ ಎಳೆಯಬೇಕಾದರೆ ಮಣಿಕಟ್ಟನ್ನು ತಿರುಗಿಸಿ ಕೋಲನ್ನು ಮಗುಚಬೇಕು. ಪೂರ್ಣ ವೇಗದಲ್ಲಿ ಓಡುವಾಗಲೇ ಇದೆಲ್ಲ ನಡೆಯಬೇಕು. ‘ಪಾದರಸ’ ಎಂದು ಹೊಗಳುವವರು ಕಾಲಿನ ಓಟವನ್ನು ಕಂಡು ತಲೆಯ ಕೆಲಸವನ್ನು ಮರೆಯುತ್ತಾರೆ.

ಇನ್ನು, ಮುಂಪಡೆಯವನಿಗೆ ಚೆಂಡು ತಾನಾಗಿ ಬರುವುದಿಲ್ಲ. ಕೊಡಗಿನವರೇ ಆದ ಎಂ. ಎಂ. ಸೋಮಯ್ಯ ಮಧ್ಯಪಂಕ್ತಿಯ ಆಟಗಾರರು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದರು. ಮಧ್ಯಪಂಕ್ತಿಯವನು ಹಿಂದಿನವರಿಂದ ಚೆಂಡನ್ನು ಪಡೆದು, ಎಡಬಲಗಳನ್ನು ಬೆಸೆದು, ಮುಂದಿನವರಿಗೆ ಒಪ್ಪಿಸುತ್ತಾನೆ. ಇಂಗಾಲದ ಒಂದು ಪರಮಾಣುವೂ ಹೀಗೆಯೇ ನಾಲ್ಕು ನೆರೆಯವರೊಡನೆ ಕೈ ಹಿಡಿಯಬಲ್ಲದು. ವಜ್ರದ ಗಟ್ಟಿತನವೆಲ್ಲ ಆ ಹಿಡಿತದ್ದೇ. ಆದರೂ ಆಟಗಾರನನ್ನು ‘ಇಂಗಾಲದಂಥವನು’ ಎಂದು ಹೊಗಳುವ ರೂಢಿ ನಮ್ಮಲ್ಲಿಲ್ಲ. ಇಂಗಾಲವೆಂದೊಡನೆ ಕಣ್ಣಿಗೆ ಬರುವುದು ಒಲೆಯ ಇದ್ದಿಲಷ್ಟೆ.